ಬಾಯಿಮಾತಿನ ಊರಿಂದ ಕಾಗದದ ಊರಿಗೆ

ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೊರಟ ಮೈಸೂರಿನ ಮಕ್ಕಳಿಗೂ ಅವರನ್ನು ಕಳಿಸಿಕೊಡುವ ಮನೆಯವರಿಗೂ ಕೆಲವು ಮಾತು

ಆಗಸ್ಟ್ ಮುಗಿಯುತ್ತಾ ಬಂತೆಂದರೆ ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಬಗೆಯ ಗಿರಾಕಿಗಳನ್ನು ದೂರದಿಂದಲೇ ಗುರುತಿಸಬಹುದು. ಮುಂದೆ ಚೀಟಿ ಹಿಡಿದ ತಾಯಿ, ಹಿಂದೆ ಮೊಬೈಲ್ ನೋಡುತ್ತಾ ಬರುವ ಮಗಳು. ಧನಿಯಾ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ ಎಲ್ಲವೂ ಹಬ್ಬದ ಲೆಕ್ಕಕ್ಕಿಂತ ಹೆಚ್ಚು.

“ಏನಕ್ಕಾ, ಇಷ್ಟೊಂದು ಧನಿಯಾ? ಮನೇಲಿ ಮದ್ವೆನಾ?”

“ಇಲ್ಲಪ್ಪ, ಮಗಳು ಜರ್ಮನಿಗೆ ಹೋಗ್ತಾ ಇದಾಳೆ. ಆರು ತಿಂಗಳು.”

“ಅಲ್ಲಿ ಸಾರಿನ ಪುಡಿ ಸಿಗಲ್ವಾ?”

“ಸಿಗುತ್ತಂತೆ. ಆದ್ರೆ ಅದು ನಾನು ಮಾಡಿದ್ದಲ್ವಲ್ಲ.”

ಅಂಗಡಿಯವನು ನಕ್ಕು ಒಂದು ಹಿಡಿ ಹೆಚ್ಚಿಗೇ ಹಾಕುತ್ತಾನೆ. ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡಿ ಎನ್ನುತ್ತಾನೆ. ಅದಕ್ಕೆ ರಸೀದಿಯಿಲ್ಲ, ಸಹಿಯಿಲ್ಲ. ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಈ ಮೊಹಲ್ಲಾ ನಡೆಯುವುದೇ ಹಾಗೆ. ವಿಳಾಸ ಕೇಳಿದರೆ ಮನೆ ನಂಬರಿನ ಬದಲು “ಮಾರ್ಕೆಟ್ ಹಿಂದುಗಡೆ ಮೂರನೇ ಓಣಿ” ಎಂಬ ಉತ್ತರ ಬರುತ್ತದೆ, ಪತ್ರವೂ ಸರಿಯಾಗಿ ಬಂದು ಸೇರುತ್ತದೆ. ಕಾಲೇಜಿನಲ್ಲಿ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ಮರೆತರೆ ಗೆಳೆಯರು ನೆನಪಿಸುತ್ತಾರೆ. ಅವರೂ ಮರೆತರೆ ಆಫೀಸಿನ ಗುಮಾಸ್ತರು ಬೈದುಕೊಂಡೇ ಚಲನ್ ತೆಗೆದುಕೊಳ್ಳುತ್ತಾರೆ.

ಇಲ್ಲಿಂದ ಹೊರಟ ಹುಡುಗಿ ಇನ್ನು ಕೆಲವೇ ವಾರಗಳಲ್ಲಿ ಇಳಿಯಲಿರುವ ಊರಿನಲ್ಲಿ ಯಾರೂ ನೆನಪಿಸುವುದಿಲ್ಲ. ಅವಳಿಗೆ ತಿಳಿಯಬೇಕಾದದ್ದೆಲ್ಲ ಎಲ್ಲೋ ಒಂದು ಕಾಗದದಲ್ಲಿ ಬರೆದಿರುತ್ತದೆ, ಓದಿಕೊಳ್ಳುವುದು ಅವಳ ಕೆಲಸ. ಜರ್ಮನಿಯಲ್ಲಿ ನಮ್ಮ ಮಕ್ಕಳಿಗೆ ತೊಡಕಾಗುವುದು ಚಳಿ ಎಂದು ಮನೆಯವರು ಹೆದರುತ್ತಾರೆ, ಭಾಷೆ ಎಂದು ಮಕ್ಕಳು ಹೆದರುತ್ತಾರೆ. ಚಳಿಗೆ ಕೋಟಿದೆ, ಭಾಷೆಗೆ ತರಗತಿಯಿದೆ. ಬಾಯಿಮಾತಿನಲ್ಲಿ ನಡೆಯುವ ಊರಿಂದ ಕಾಗದದಲ್ಲಿ ನಡೆಯುವ ಊರಿಗೆ ಹೋಗುವ ಈ ಬದಲಾವಣೆಗೆ ಮಾತ್ರ ಯಾರೂ ತಯಾರಿ ಮಾಡಿಸಿರುವುದಿಲ್ಲ.

ಹೊರಡುವ ಮುನ್ನ ಮೂರು ಸಹಿ

ಪೂರ್ತಿ ಪದವಿಗೆಂದು ಹೋಗುವವರಿಗೂ ವಿನಿಮಯಕ್ಕೆಂದು ಹೋಗುವವರಿಗೂ ವ್ಯತ್ಯಾಸವಿದೆ. ವಿನಿಮಯದ ವಿದ್ಯಾರ್ಥಿ ಶುಲ್ಕ ಕಟ್ಟುವುದು ತನ್ನ ಮೂಲ ವಿಶ್ವವಿದ್ಯಾಲಯಕ್ಕೆ, ಪದವಿ ಪಡೆಯುವುದೂ ಅಲ್ಲಿಂದಲೇ. ಒಂದೋ ಎರಡೋ ಸೆಮಿಸ್ಟರ್ ಮಾತ್ರ ಅಲ್ಲಿ ಕುಳಿತು ಓದಿ ಬರುತ್ತಾನೆ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಐರೋಪ್ಯ ಒಕ್ಕೂಟದ ಹೊರಗಿನವರಿಂದ 2017ರ ಚಳಿಗಾಲದಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆಯಾದರೂ, ಒಪ್ಪಂದದ ಮೇಲೆ ಬರುವ ವಿನಿಮಯದವರಿಗೆ ಅದರಿಂದ ವಿನಾಯಿತಿ ಇದೆ.

ಪದವಿ ಕೊಡುವುದು ಇಲ್ಲಿಯವರೇ ಆದ್ದರಿಂದ ಮೊದಲ ಕಾಗದ ಲರ್ನಿಂಗ್ ಅಗ್ರಿಮೆಂಟ್. ಅಲ್ಲಿ ಯಾವ ವಿಷಯ ಓದುತ್ತೀರಿ, ಅದು ಇಲ್ಲಿಯ ಯಾವ ವಿಷಯಕ್ಕೆ ಸಮ ಎಂದು ಬರೆದು ವಿದ್ಯಾರ್ಥಿ, ಮೂಲ ಕಾಲೇಜು, ಆತಿಥೇಯ ವಿಶ್ವವಿದ್ಯಾಲಯ ಮೂವರೂ ಸಹಿ ಹಾಕುವ ಒಪ್ಪಂದ ಅದು. “ಹೋಗಿ ಬಾ, ಆಮೇಲೆ ನೋಡೋಣ” ಎಂದು ವಿಭಾಗದವರು ಪ್ರೀತಿಯಿಂದಲೇ ಹೇಳಬಹುದು. ಅವರು ವರ್ಗವಾದರೆ, ನಿವೃತ್ತರಾದರೆ ಆ ಪ್ರೀತಿಗೆ ಸಾಕ್ಷಿ ಯಾರು? ಅಲ್ಲಿ ಹೋದ ಮೇಲೆ ವೇಳಾಪಟ್ಟಿ ಹೊಂದದೆ ವಿಷಯ ಬದಲಾಯಿಸಬೇಕಾಗುವುದು ಮಾಮೂಲು. ಆಗಲೂ ಹೊಸ ಪಟ್ಟಿಗೆ ಮತ್ತೆ ಮೂರು ಸಹಿ ಬೀಳಲಿ.

ಎರಡನೆಯದು ಹೆಸರು. ಜರ್ಮನಿಯ ಪ್ರತಿಯೊಂದು ಫಾರಂನಲ್ಲೂ ಎರಡು ಖಾನೆ: ಫೋರ್‌ನಾಮೆ ಎಂದರೆ ಸ್ವಂತ ಹೆಸರು, ನಾಖ್‌ನಾಮೆ ಎಂದರೆ ಕುಲನಾಮ. ನಮ್ಮ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಎಂದು ಎರಡು ಇನಿಷಿಯಲ್. ಅಂಕಪಟ್ಟಿಯಲ್ಲಿ ಅವು ಅಕ್ಷರಗಳಾಗಿ ಉಳಿದಿರುತ್ತವೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತದೆ, ಕೆಲವರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗವೇ ಖಾಲಿ. ಇಲ್ಲಿ ಅದು ಯಾರಿಗೂ ಅಡ್ಡಿಯಾಗಿಲ್ಲ. ಅಲ್ಲಿ ಬ್ಯಾಂಕು, ವಿಮೆ, ವಿಶ್ವವಿದ್ಯಾಲಯ ಮೂರರಲ್ಲೂ ಮೂರು ಬೇರೆ ವ್ಯಕ್ತಿಗಳಾಗಿಬಿಡುವ ಅಪಾಯವಿದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಒಂದು ಅಕ್ಷರವೂ ಆಚೀಚೆಯಾಗದಂತೆ ಎಲ್ಲ ಕಡೆ ಬರೆಯಿರಿ.

ಮೂರನೆಯದು ಹಣ. 90 ದಿನಕ್ಕಿಂತ ಹೆಚ್ಚು ಇರುವವರಿಗೆ ರಾಷ್ಟ್ರೀಯ ವೀಸಾ ಬೇಕು, ಅದಕ್ಕೆ ಜೀವನೋಪಾಯದ ಪುರಾವೆ ಬೇಕು. ವಿದ್ಯಾರ್ಥಿವೇತನದ ಪತ್ರ ಇಲ್ಲದಿದ್ದರೆ ಷ್ಪೆರ್‌ಕೊಂಟೊ ಎಂಬ ಖಾತೆ ತೆರೆಯಬೇಕಾಗುತ್ತದೆ. ಹಣ ನಿಮ್ಮದೇ, ಬೀಗ ಮಾತ್ರ ಅವರದು. ತಿಂಗಳಿಗೆ ಇಷ್ಟೇ ಎಂದು ಬಿಡುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ ಆಯಿತು. ಆರು ತಿಂಗಳಿಗಾದರೆ ಅದರ ಅರ್ಧ. ಯೂರೊವನ್ನು ನೂರು ರೂಪಾಯಿಯ ಆಸುಪಾಸಿನಲ್ಲಿ ಹಿಡಿದರೂ ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಗಂಟಲ್ಲ. ಆದ್ದರಿಂದ ಮೊದಲು ವಿದ್ಯಾರ್ಥಿವೇತನ ಹುಡುಕಿ. 1925ರಲ್ಲಿ ಹೈಡೆಲ್‌ಬರ್ಗಿನಲ್ಲಿ ಹುಟ್ಟಿದ ಡಿಎಎಡಿ ಎಂಬ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ ಭಾರತದ ವಿಜ್ಞಾನ, ಎಂಜಿನಿಯರಿಂಗ್ ಪದವಿ ವಿದ್ಯಾರ್ಥಿಗಳಿಗಾಗಿಯೇ ‘ವೈಸ್’ ಎಂಬ ಸಂಶೋಧನಾ ಇಂಟರ್ನ್‌ಶಿಪ್ ನಡೆಸಿಕೊಂಡು ಬಂದಿದೆ.

ಭಾರತೀಯರ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರಿನಿಂದ ವಿದ್ಯಾರ್ಥಿ ವೀಸಾಕ್ಕೆ ಜೊತೆಯಾಗಿದೆ. ನಿಮ್ಮ ವಿನಿಮಯ ಯಾವ ಬಗೆಯದು, ಅದಕ್ಕೆ ಯಾವ ದಾಖಲೆ ಬೇಕು ಎಂಬುದನ್ನು ಎರಡೂ ಕಡೆಯ ಅಂತರರಾಷ್ಟ್ರೀಯ ವಿಭಾಗಗಳಿಂದ ಇಮೇಲಿನಲ್ಲೇ ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಡಿ. ಹೋಗಿ ಬಂದ ಸೀನಿಯರ್ ಹೇಳಿದ್ದು ಅವನ ವರ್ಷಕ್ಕೆ ಸರಿಯಾಗಿತ್ತು, ನಿಮ್ಮ ವರ್ಷಕ್ಕೆ ನಿಯಮ ಬದಲಾಗಿರಬಹುದು. ವೀಸಾಕ್ಕೆ ಬೆಂಗಳೂರಿಗೇ ಹೋಗಬೇಕು. ಪ್ರವೇಶಪತ್ರ ಕೈಗೆ ಬಂದ ದಿನವೇ ಅಪಾಯಿಂಟ್‌ಮೆಂಟ್ ಹುಡುಕಲು ಕುಳಿತುಬಿಡಿ.

ಕೌಟಿಲ್ಯನೂ ಬ್ಯುರ್ಗರ್‌ಆಮ್ಟೂ

ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಕಚೇರಿಗೆ ಹೋಗಿ “ನಾನು ಇಂಥ ವಿಳಾಸದಲ್ಲಿದ್ದೇನೆ” ಎಂದು ನೋಂದಾಯಿಸಬೇಕು. ಇದರ ಹೆಸರು ಆನ್‌ಮೆಲ್ಡುಂಗ್. ಇರಲು ಜಾಗ ಕೊಟ್ಟವರು “ಹೌದು, ಇವರು ನಮ್ಮಲ್ಲಿಗೆ ಬಂದಿದ್ದಾರೆ” ಎಂದು ಸಹಿ ಮಾಡಿದ ಪತ್ರವೂ ಜೊತೆಗಿರಬೇಕು.

ನಮ್ಮ ಹುಡುಗರಿಗೆ ಇದು ಪೊಲೀಸ್ ಠಾಣೆಯ ವ್ಯವಹಾರದಂತೆ ಕಾಣುತ್ತದೆ. ಆದರೆ ಈ ವ್ಯವಸ್ಥೆಯ ಬಲು ಹಳೆಯ ವರ್ಣನೆಯೊಂದು ಬೆಳಕಿಗೆ ಬಂದದ್ದು ಮೈಸೂರಿನಲ್ಲೇ. ತಂಜಾವೂರು ಕಡೆಯ ಪಂಡಿತರೊಬ್ಬರು ಇಲ್ಲಿಯ ಸರ್ಕಾರಿ ಓರಿಯೆಂಟಲ್ ಲೈಬ್ರರಿಗೆ ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಅದರಲ್ಲಿ ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವಿದೆ. ಹತ್ತು, ಇಪ್ಪತ್ತು, ನಲವತ್ತು ಮನೆಗಳಿಗೊಬ್ಬ ಗೋಪನಿದ್ದು ಒಳಗಿರುವವರ ಲೆಕ್ಕ ಇಡಬೇಕು. ಮನೆಗೆ ಬಂದವರನ್ನೂ ಮನೆಯಿಂದ ಹೋದವರನ್ನೂ ಮನೆಯೊಡೆಯ ತಿಳಿಸಬೇಕು, ತಿಳಿಸದಿದ್ದರೆ ಆ ರಾತ್ರಿ ನಡೆದ ಅಪರಾಧದ ಹೊಣೆ ಅವನದೇ. ಜರ್ಮನ್ ವಿದ್ವಾಂಸರು ಈ ಗ್ರಂಥಕ್ಕೆ ಮುಗಿಬಿದ್ದರು. ವ್ಯುರ್ಟ್ಸ್‌ಬರ್ಗಿನ ಯೂಲಿಯಸ್ ಯೋಲಿ ಅದರ ಇನ್ನೊಂದು ಆವೃತ್ತಿಯ ಸಂಪಾದಕರಲ್ಲೊಬ್ಬರಾದರು, ಯೋಹಾನ್ ಯಾಕೋಬ್ ಮೇಯರ್ ಮಾಡಿದ ಜರ್ಮನ್ ಅನುವಾದ 1926ರಲ್ಲಿ ಬಂತು. ಆನ್‌ಮೆಲ್ಡುಂಗಿನ ಸಾಲಿನಲ್ಲಿ ನಿಂತು ಬೇಸರವಾದಾಗ ಇದನ್ನು ನೆನಪಿಸಿಕೊಳ್ಳಿ. ಆ ಕಾಗದವಿಲ್ಲದೆ ಮುಂದಿನ ಕೆಲಸ ಒಂದೂ ಸಲೀಸಾಗಿ ನಡೆಯುವುದಿಲ್ಲ. ನಿವಾಸ ಪರವಾನಗಿಗೆ ಅದು ಬೇಕೇ ಬೇಕು, ಅನೇಕ ಬ್ಯಾಂಕುಗಳೂ ಅದನ್ನೇ ಕೇಳುತ್ತವೆ. ಆ ಕಚೇರಿಗೆ ಹೋಗಲೂ ಟೆರ್ಮೀನ್ ಬೇಕು. ಮುಂಚಿತವಾಗಿ ಗೊತ್ತುಮಾಡಿಕೊಂಡ ಸಮಯಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಮೊದಲ ವಾರ ಕಲಿಯುವ ಪದ ಇದೇ. ವಿಮಾನ ಹತ್ತುವ ಮೊದಲೇ ಆನ್‌ಲೈನಿನಲ್ಲಿ ಹಿಡಿದಿಟ್ಟುಕೊಂಡರೆ ಜಾಣತನ.

ಇನ್ನೊಂದು ಸಣ್ಣ ಸಂಗತಿ, ಇದರಿಂದ ಕಷ್ಟಪಟ್ಟವರು ಬಹಳ. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಕೆಳಗಿನ ಡಬ್ಬಿಯ ಮೇಲಿರುವ ಹೆಸರು ನೋಡಿ ಪತ್ರ ಹಾಕುತ್ತಾರೆ. ನಿಮ್ಮ ಹೆಸರು ಅಲ್ಲಿಲ್ಲದಿದ್ದರೆ ಪತ್ರ ವಾಪಸು. ಬ್ಯಾಂಕಿನ ಪಿನ್, ವಿಮೆಯ ಕಾರ್ಡು, ಕಚೇರಿಯ ನೋಟಿಸು ಎಲ್ಲವೂ ಇಂದಿಗೂ ಕಾಗದದಲ್ಲೇ ಬರುವ ದೇಶ ಅದು. ಕೋಣೆಗೆ ಹೋದ ಮೊದಲ ಸಂಜೆಯೇ ಡಬ್ಬಿಗೆ ಹೆಸರಿನ ಚೀಟಿ ಅಂಟಿಸಿ.

ವಿದ್ಯಾರ್ಥಿನಿಲಯಗಳನ್ನು ಷ್ಟುಡೀರೆಂಡನ್‌ವೆರ್ಕ್ ಎಂಬ ಸಂಸ್ಥೆಗಳು ನಡೆಸುತ್ತವೆ. ಪ್ರವೇಶ ಖಚಿತವಾಗುತ್ತಿದ್ದಂತೆ ಅರ್ಜಿ ಹಾಕಿ, ಸಾಲು ಉದ್ದವಿರುತ್ತದೆ. ಸಿಗದಿದ್ದರೆ ನಾಲ್ಕಾರು ಜನ ಸೇರಿ ಮನೆ ಹಂಚಿಕೊಳ್ಳುವ ‘ವೇಗೇ’ ಇದೆ. ಬಾಡಿಗೆ ಹೇಳುವಾಗ ‘ಕಾಲ್ಟ್’ ಎಂದರೆ ಬರೀ ಜಾಗದ ಬಾಡಿಗೆ, ‘ವಾರ್ಮ್’ ಎಂದರೆ ಬಿಸಿ ಮತ್ತಿತರ ವೆಚ್ಚ ಸೇರಿದ್ದು. ಮುಂಗಡ ಠೇವಣಿ ಮೂರು ತಿಂಗಳ ಕಾಲ್ಟ್ ಬಾಡಿಗೆಯನ್ನು ಮೀರುವಂತಿಲ್ಲ ಎಂದು ಕಾನೂನೇ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರು ಕಂಡವರಿಗೆ ಇದು ಸಮಾಧಾನದ ಸುದ್ದಿ. ಆದರೆ ಮನೆ ನೋಡುವ ಮೊದಲೇ “ಹಣ ಹಾಕಿ, ಬೀಗದ ಕೈ ಕೊರಿಯರಿನಲ್ಲಿ ಕಳಿಸುತ್ತೇನೆ” ಎನ್ನುವವನು ಯಾವ ಭಾಷೆಯಲ್ಲಿ ಹೇಳಿದರೂ ಕಳ್ಳನೇ. ಒಳಗೆ ಹೋದ ದಿನ ಗೋಡೆಯ ಕಲೆ, ಮುರಿದ ಹಿಡಿಕೆ ಎಲ್ಲದರ ಫೋಟೊ ತೆಗೆದು ಹಸ್ತಾಂತರದ ಪಟ್ಟಿಯಲ್ಲಿ ಬರೆಸಿ. ಬಿಡುವ ದಿನ ಠೇವಣಿ ಪೂರ್ತಿ ವಾಪಸಾಗಲು ಅದೇ ಆಧಾರ.

ಆರೋಗ್ಯ ವಿಮೆ ಕಡ್ಡಾಯ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಶಾಸನಬದ್ಧ ಕ್ರಾಂಕನ್‌ಕಾಸ್ಸೆ ರಿಯಾಯಿತಿ ದರದಲ್ಲಿ ಸಿಗುತ್ತದೆ. ಅಗ್ಗವೆಂದು ಖಾಸಗಿ ವಿಮೆಗೆ ಹೋಗಿ ವಿನಾಯಿತಿ ಬರೆಸಿಕೊಂಡರೆ ಆ ಓದು ಮುಗಿಯುವವರೆಗೆ ಹಿಂದಿರುಗುವ ದಾರಿಯಿಲ್ಲ. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ರೇಡಿಯೊ-ಟಿವಿ ಶುಲ್ಕವನ್ನೂ ಕಟ್ಟಬೇಕು, ಟಿವಿ ಇಲ್ಲದಿದ್ದರೂ. ಒಂದೇ ಮನೆ ಹಂಚಿಕೊಂಡವರು ಅದನ್ನೂ ಹಂಚಿಕೊಳ್ಳಬಹುದು. ಈ ಬೇಡಿಕೆಪತ್ರ ಬಂದಾಗ ಮೋಸವೆಂದು ಹರಿದು ಹಾಕಿದವರಿದ್ದಾರೆ. ಜರ್ಮನಿಯಲ್ಲಿ ಅರ್ಥವಾಗದ ಪತ್ರವನ್ನು ಹರಿಯಬೇಡಿ, ಮಡಿಚಿಡಲೂಬೇಡಿ. ಅಂದೇ ಯಾರಿಂದಾದರೂ ಓದಿಸಿ. ಅದರಲ್ಲೊಂದು ಗಡುವು ಇದ್ದೇ ಇರುತ್ತದೆ.

ಹತ್ತೂಕಾಲಕ್ಕೆ ಬಂದರೆ ಹತ್ತಕ್ಕೆ ಬಂದಂತೆ

ಪುರಭವನದ ಬಳಿ ಕನ್ನಡ ಅಂಕಿಗಳ ದೊಡ್ಡ ಗಡಿಯಾರವಿದೆ, 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ್ದು. ಅದರ ನೆರಳಿನಲ್ಲಿ ಬೆಳೆದ ನಾವು “ಹತ್ತು ಗಂಟೆಗೆ” ಎಂದರೆ ಹತ್ತೂವರೆ ಎಂದು ಅರ್ಥಮಾಡಿಕೊಳ್ಳುವವರು. ಜರ್ಮನರು ಸಮಯಕ್ಕೆ ಕಟ್ಟುನಿಟ್ಟು ಎಂದು ಕೇಳಿ ಹೋದ ಹುಡುಗ ಮೊದಲ ದಿನ ಹತ್ತಕ್ಕೇ ಹೋಗಿ ಕುಳಿತರೆ ಹಾಲ್ ಖಾಲಿ! ವೇಳಾಪಟ್ಟಿಯಲ್ಲಿ ಹತ್ತರ ಪಕ್ಕ ‘ಸಿ.ಟಿ.’ ಎಂದಿದ್ದುದನ್ನು ಅವನು ಗಮನಿಸಿರುವುದಿಲ್ಲ. ‘ಕುಮ್ ಟೆಂಪೊರೆ’ ಎಂಬ ಲ್ಯಾಟಿನ್ ಮಾತಿನ ಸಂಕ್ಷೇಪ ಅದು. ಕಾಲು ಗಂಟೆ ಬಿಟ್ಟು, ಹತ್ತೂಕಾಲಕ್ಕೆ ಪಾಠ ಎಂದು ಅರ್ಥ. ‘ಎಸ್.ಟಿ.’ ಎಂದಿದ್ದರೆ ಮಾತ್ರ ಹತ್ತಕ್ಕೆ ಸರಿಯಾಗಿ. ಇದಕ್ಕೆ ವಿದ್ಯಾಲಯದ ಕಾಲುಗಂಟೆ ಎಂದೇ ಹೆಸರು. ತಡವಾಗುವುದಕ್ಕೂ ಅವರು ನಿಯಮ ಬರೆದಿಟ್ಟಿದ್ದಾರೆ, ನಾವು ಬರೆಯದೆ ಪಾಲಿಸುತ್ತೇವೆ. ಹತ್ತೂಕಾಲು ದಾಟಿ ಬಂದರೆ ಮಾತ್ರ ಅದು ನಿಜವಾದ ತಡ.

ಪಾಠ ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣುಗಳಿಂದ ಮೇಜು ಬಡಿಯುತ್ತಾರೆ. ಗಲಾಟೆಯೆಂದು ಹೆದರಬೇಡಿ, ಮೆಚ್ಚುಗೆ ಅದು. ಅನೇಕ ಉಪನ್ಯಾಸಗಳಲ್ಲಿ ಹಾಜರಿ ಕರೆಯುವುದಿಲ್ಲ. ಶೇಕಡ 75ರ ಹಾಜರಾತಿಗೆ ಓಡಾಡಿದವರಿಗೆ ಇದು ಸ್ವರ್ಗವೆನಿಸಿ, ಅಕ್ಟೋಬರ್-ನವೆಂಬರ್ ತಿಂಗಳು ಊರು ಸುತ್ತುವುದರಲ್ಲಿ ಕಳೆದುಹೋಗುತ್ತದೆ. ಫೆಬ್ರವರಿಯಲ್ಲಿ ಒಂದೇ ಪರೀಕ್ಷೆ, ಪೂರ್ತಿ ಅಂಕ ಅದರ ಮೇಲೆ. ಇಲ್ಲಿಯಂತೆ ಮೂರು ಇಂಟರ್ನಲ್‌ಗಳ ಆಸರೆ ಇರುವುದಿಲ್ಲ. ವಾರಕ್ಕೊಂದು ಪಾಠವಾದರೂ ಲೆಕ್ಕ ಹೀಗಿದೆ: ಸೆಮಿಸ್ಟರಿಗೆ 30 ಇಸಿಟಿಎಸ್ ಕ್ರೆಡಿಟ್, ಒಂದೊಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ದುಡಿಮೆ. ತರಗತಿಯಲ್ಲಿ ಕಳೆಯುವುದು ಅದರಲ್ಲಿ ಅಲ್ಪ ಭಾಗ. ಉಳಿದದ್ದು ಗ್ರಂಥಾಲಯದಲ್ಲಿ ನೀವೊಬ್ಬರೇ.

ಎಲ್ಲಕ್ಕಿಂತ ಮುಖ್ಯವಾಗಿ, ತರಗತಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರಿರುವುದಿಲ್ಲ. ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಬೇಕು, ಅದಕ್ಕೊಂದು ಗಡುವಿರುತ್ತದೆ. ಗಡುವು ದಾಟಿದ ಮೇಲೆ ಪ್ರೊಫೆಸರ್ ಎಷ್ಟೇ ಒಳ್ಳೆಯವರಾದರೂ ಕೈಚೆಲ್ಲುತ್ತಾರೆ. ಅಂಕ ಬಂದಾಗ ಮನೆಗೆ ತಿಳಿಸುವ ಮೊದಲು ಒಂದು ವಿವರಣೆ ಕೊಡಿ: ಅಲ್ಲಿ 1.0 ಅತ್ಯುತ್ತಮ, 4.0 ಬಂದರೆ ಪಾಸು, 5.0 ಫೇಲು. “ಮೊಮ್ಮಗನಿಗೆ ಐದಕ್ಕೆ ಒಂದೂಕಾಲು ಬಂದಿದೆ” ಎಂದು ಅಜ್ಜಿ ಕಣ್ಣೀರು ಹಾಕುವುದು ಬೇಡ.

ಮಾನವಿಕ ವಿಷಯಗಳಲ್ಲಿ ಪರೀಕ್ಷೆಯ ಬದಲು ಹೌಸ್‌ಆರ್ಬೈಟ್ ಎಂಬ ದೀರ್ಘ ಪ್ರಬಂಧ ಬರೆಯಬೇಕಾಗಬಹುದು. ಅಲ್ಲಿ ಇನ್ನೊಬ್ಬರ ಸಾಲನ್ನು ಹೆಸರು ಹೇಳದೆ ತೆಗೆದುಕೊಂಡರೆ ಕ್ಷಮೆ ಇಲ್ಲ. ರಕ್ಷಣಾ ಸಚಿವರಾಗಿದ್ದ ಕಾರ್ಲ್-ಥಿಯೋಡೋರ್ ಗುಟ್ಟೆನ್‌ಬರ್ಗ್ 2011ರಲ್ಲಿ ಅಧಿಕಾರ ಕಳೆದುಕೊಂಡದ್ದು ತಮ್ಮ ಡಾಕ್ಟರೇಟ್ ಪ್ರಬಂಧದ ಕೃತಿಚೌರ್ಯದಿಂದ. ಎರಡೇ ವರ್ಷದಲ್ಲಿ, 2013ರಲ್ಲಿ, ಶಿಕ್ಷಣ ಸಚಿವೆ ಅನೆಟ್ ಷಾವಾನ್ ಅವರೂ ಅಂಥದೇ ಆರೋಪದಲ್ಲಿ ಡಾಕ್ಟರೇಟನ್ನೂ ಹುದ್ದೆಯನ್ನೂ ಬಿಡಬೇಕಾಯಿತು. ಗೈಡಿನಿಂದ ಬಾಯಿಪಾಠ ಮಾಡಿ ಬರೆದು ರ‍್ಯಾಂಕ್ ಪಡೆದವರು ಈ ಹೊಸ ಶಿಸ್ತನ್ನು ಮೊದಲ ತಿಂಗಳೇ ಕಲಿಯಬೇಕು.

ಅರ್ಥವಾಗದ್ದನ್ನು ಕೇಳಲು ಪ್ರತಿ ಪ್ರೊಫೆಸರಿಗೂ ವಾರದಲ್ಲೊಂದು ಷ್ಪ್ರೆಖ್‌ಷ್ಟುಂಡೆ ಇರುತ್ತದೆ, ವಿದ್ಯಾರ್ಥಿಗಳೊಂದಿಗೆ ಮಾತಿಗೆಂದೇ ಮೀಸಲಿಟ್ಟ ಹೊತ್ತು. ಕೇಳಲು ಹೋದವನನ್ನು ದಡ್ಡನೆಂದುಕೊಳ್ಳುವುದಿಲ್ಲ. ಕೇಳದವನಿಗೆ ಎಲ್ಲ ಗೊತ್ತಿದೆ ಎಂದು ಅವರು ನಂಬಿಬಿಡುತ್ತಾರೆ, ಕಷ್ಟ ಅಲ್ಲಿದೆ.

ಕಿಟೆಲ್ ನಡೆದ ದಾರಿ, ತಿರುಗಿ

ಜರ್ಮನ್ ಭಾಷೆಗೆ ಹೆದರುವ ಕನ್ನಡದವರು ತಮ್ಮ ಕೈಯಲ್ಲಿರುವ ಬಂಡವಾಳವನ್ನು ಮರೆತಿರುತ್ತಾರೆ. ಇಂಗ್ಲಿಷಿನ ‘ಯೂ’ ಎಲ್ಲರಿಗೂ ಒಂದೇ. ಜರ್ಮನಿನಲ್ಲಿ ‘ದೂ’ ಮತ್ತು ‘ಜೀ’ ಬೇರೆ ಬೇರೆ, ನಮ್ಮ ನೀನು, ನೀವು ಇದ್ದಂತೆ. ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಮೊದಲ ದಿನದಿಂದ ದೂ. ಪ್ರೊಫೆಸರ್, ಕಚೇರಿಯವರು, ಅಂಗಡಿಯವರು, ಪಕ್ಕದ ಮನೆಯ ಅಜ್ಜಿ ಎಲ್ಲರೂ ಜೀ. ಹಿರಿಯರು ತಾವಾಗಿ “ದೂ ಎನ್ನು” ಎಂದರೆ ಮಾತ್ರ ಬದಲಾಯಿಸಬೇಕು. ಯಾರಿಗೆ ಯಾವಾಗ ಏಕವಚನ ಎಂಬ ಸೂಕ್ಷ್ಮ ನಮಗೆ ಎಳವೆಯಲ್ಲೇ ಬಂದಿದೆ. ಉಪವಾಕ್ಯದ ಕೊನೆಗೆ ಕ್ರಿಯಾಪದ ಹೋಗಿ ಕುಳಿತುಕೊಳ್ಳುವುದು ಇಂಗ್ಲಿಷರಿಗೆ ತಲೆನೋವು, ನಮಗೆ ಮನೆಯ ಅಭ್ಯಾಸ. ಕೈಗವಸಿಗೆ ಅವರು ‘ಹಾಂಡ್‌ಷೂ’ ಎನ್ನುತ್ತಾರೆ, ಕೈಯ ಜೋಡು! ಆಸ್ಪತ್ರೆ ಎಂದರೆ ‘ಕ್ರಾಂಕನ್‌ಹೌಸ್’, ರೋಗಿಗಳ ಮನೆ. ಸಮಾಸ ಬಿಡಿಸಲು ಬಂದರೆ ಅರ್ಧ ನಿಘಂಟು ಕೈಗೆ ಬಂದಂತೆ.

ಕಷ್ಟ ಲಿಂಗದಲ್ಲಿ. ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ಎಂಬ ಪದ ನಪುಂಸಕಲಿಂಗ. “ಹುಡುಗಿ ಬಂತು” ಎನ್ನುವ ಕರಾವಳಿಯವರು ಇದಕ್ಕೆ ನಗಬಹುದು, ನಾವು ಬಾಯಿಪಾಠ ಮಾಡದೆ ವಿಧಿಯಿಲ್ಲ. ತರಗತಿ ಇಂಗ್ಲಿಷಿನಲ್ಲಿ ನಡೆದರೂ ಕಚೇರಿ, ಅಂಗಡಿ, ಪತ್ರ ಜರ್ಮನಿನಲ್ಲೇ ಇರುತ್ತವೆ. ಬೆಂಗಳೂರಿನ ಮ್ಯಾಕ್ಸ್ ಮ್ಯುಲರ್ ಭವನದಲ್ಲೋ ಇಲ್ಲೇ ಯಾವುದಾದರೂ ತರಗತಿಯಲ್ಲೋ ಎ1, ಎ2 ಹಂತ ಮುಗಿಸಿಕೊಂಡೇ ಹೊರಡಿ.

ಈ ದಾರಿಯಲ್ಲಿ ಮೊದಲು ಓಡಾಡಿದವರು ಆ ಕಡೆಯವರು. ಟ್ಯೂಬಿಂಗನ್ನಿನಲ್ಲಿ ಓದಿದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1853ರಲ್ಲಿ ಬಂದ ಫೆರ್ಡಿನಾಂಡ್ ಕಿಟೆಲ್ ನಾಲ್ಕು ದಶಕ ಕಂಡಕಂಡವರನ್ನು ಪದ ಕೇಳುತ್ತಾ ತಿರುಗಿ, 1894ರಲ್ಲಿ 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಇಬ್ಬರಿಗೂ ಡಾಕ್ಟರೇಟ್ ನೀಡಿತು. ನಮ್ಮ ಯು.ಆರ್. ಅನಂತಮೂರ್ತಿ ಅದೇ ಟ್ಯೂಬಿಂಗನ್ನಿನಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬಿ.ಎ. ವಿವೇಕ ರೈ ವ್ಯುರ್ಟ್ಸ್‌ಬರ್ಗಿನಲ್ಲಿ ಅತಿಥಿ ಪ್ರಾಧ್ಯಾಪಕರಾದರು. ಕಿಟೆಲ್ ಬಾಯಿಮಾತಿನ ನಾಡಿಗೆ ಬಂದು ಜನರ ಬಾಯಲ್ಲಿದ್ದುದನ್ನು ಕಾಗದಕ್ಕಿಳಿಸಿದರು. ಇಂದಿನ ಹುಡುಗ ಹುಡುಗಿಯರು ಕಾಗದದ ನಾಡಿಗೆ ಹೋಗಿ ಬಾಯಿ ಬಿಡಬೇಕಾಗಿದೆ. ಎರಡಕ್ಕೂ ಬೇಕಾದ ಗುಣ ಒಂದೇ, ನಾಚಿಕೆಯಿಲ್ಲದೆ ಕೇಳುವುದು.

ಭಾನುವಾರದ ಮೌನ

ಭಾನುವಾರ ದೇವರಾಜ ಅರಸು ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜರ್ಮನಿಯಲ್ಲಿ ಅಂದು ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಬೇಕರಿ ಕೆಲವು ಗಂಟೆ, ದೊಡ್ಡ ರೈಲುನಿಲ್ದಾಣದ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ಬ್ರೆಡ್, ತರಕಾರಿ ತಂದಿಟ್ಟುಕೊಳ್ಳಿ. ರಾತ್ರಿ ಹತ್ತರ ಮೇಲೆ ಮೌನದ ಹೊತ್ತು. ಹತ್ತೂವರೆಗೆ ಚಟ್ನಿಗೆ ಮಿಕ್ಸಿ ಹಾಕಿದರೆ ಪಕ್ಕದವರು ಬಂದು ಜಗಳವಾಡುವುದಿಲ್ಲ, ಬೆಳಗ್ಗೆ ಬಾಗಿಲಿಗೆ ಚೀಟಿ ಅಂಟಿಸಿರುತ್ತಾರೆ. ಅಲ್ಲಿಯೂ ಕಾಗದವೇ! ಚೀಟಿ ಕಂಡರೆ ಹೋಗಿ “ಕ್ಷಮಿಸಿ, ಗೊತ್ತಿರಲಿಲ್ಲ” ಎಂದುಬಿಡಿ, ಅಲ್ಲಿಂದ ಗೆಳೆತನ ಶುರುವಾಗಿದ್ದೂ ಉಂಟು. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ, ಹೊಗೆಯ ಅಲಾರಂ ಸಾಸಿವೆಗೂ ಬೆಂಕಿಗೂ ಭೇದ ತಿಳಿಯದು.

ಕಸಕ್ಕೆ ನಾಲ್ಕಾರು ಬಣ್ಣದ ಡಬ್ಬಿ. ಕಾಗದ, ಪ್ಯಾಕಿಂಗ್, ಹಸಿ ಕಸ, ಉಳಿದದ್ದು ಎಲ್ಲ ಬೇರೆ. ಹಸಿ ಕಸ, ಒಣ ಕಸ ವಿಂಗಡಿಸಿ ಕೊಡುವುದನ್ನು ಮೈಸೂರಿನಲ್ಲೇ ಕಲಿತವರಿಗೆ ಇದು ಮುಂದಿನ ಪಾಠ. ಗಾಜನ್ನು ಬಣ್ಣದ ಪ್ರಕಾರ ಬೀದಿಯ ತೊಟ್ಟಿಗೆ ಹಾಕಬೇಕು, ಸದ್ದಾಗುವುದರಿಂದ ಭಾನುವಾರ ಹಾಕುವಂತಿಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ. ಕೊಳ್ಳುವಾಗಲೇ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು. ಇದಕ್ಕೆ ಪ್ಫಾಂಟ್ ಎನ್ನುತ್ತಾರೆ. ಅಸಲಿಗೆ ನಲ್ಲಿಯ ನೀರನ್ನೇ ಧೈರ್ಯವಾಗಿ ಕುಡಿಯಬಹುದು.

ಟಿಕೆಟ್ ತಪಾಸಣೆಗೆ ಗೇಟುಗಳಿಲ್ಲವೆಂದು ಮೈಮರೆತರೆ 60 ಯೂರೊ ದಂಡ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾದ, ದೇಶವೆಲ್ಲ ಓಡಾಡಬಹುದಾದ ತಿಂಗಳ ಪಾಸು 2025ರಲ್ಲಿ 58 ಯೂರೊ ಆಯಿತು. ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರಿನ ವಂತಿಗೆಯೊಳಗೇ ರಿಯಾಯಿತಿ ಪಾಸು ಸೇರಿರುತ್ತದೆ. ತುರ್ತು ವೈದ್ಯಕೀಯ ನೆರವಿಗೂ ಬೆಂಕಿಗೂ 112, ಪೊಲೀಸರಿಗೆ 110. ರಾತ್ರಿ ಜ್ವರ ಬಂದರೆ 116117. ಬಿಡುವಿನಲ್ಲಿ ಕೆಲಸ ಮಾಡುವವರಿಗೆ 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಮಿತಿಯಿದೆ. ಜಿಮ್ಮಿಗೋ ಮೊಬೈಲಿಗೋ ಎರಡು ವರ್ಷದ ಕರಾರಿಗೆ ಸಹಿ ಹಾಕಬೇಡಿ, ನೀವಿರುವುದೇ ಆರು ತಿಂಗಳು.

ನವೆಂಬರ್ ಬಂದರೆ ಕತ್ತಲು. ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುವುದರಿಂದ ಆ ವರ್ಷದ ದಸರೆಯೂ ತಪ್ಪಿರುತ್ತದೆ. ಜಂಬೂಸವಾರಿಯನ್ನು ಫೋನಿನಲ್ಲಿ ನೋಡಿ ಮಂಕಾಗುವ ದಿನಗಳಿಗೆ ಮೊದಲೇ ಒಂದು ಏರ್ಪಾಡು ಮಾಡಿಕೊಳ್ಳಿ. ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳು ಅಗ್ಗ; ಷಟಲ್ ಆಡಬಲ್ಲವನು ಅಲ್ಲಿ ಒಂಟಿಯಾಗಿರುವುದಿಲ್ಲ. ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆ ಕನ್ನಡ ಸಂಘಗಳಿವೆ. ಅಲ್ಲಿ ಸಂಘ ನೋಂದಾಯಿಸಲು ಏಳು ಜನ ಸಾಕು. ಮೊಹಲ್ಲಾದ ಗಣೇಶನ ಕಮಿಟಿಯೊಂದರಿಂದ ನಾಲ್ಕು ಸಂಘ ಹೊರಡಿಸಬಹುದು!

ಪೆಟ್ಟಿಗೆಯಲ್ಲಿ ಏನಿರಲಿ, ಏನು ಬೇಡ

ಇರಲಿ: ಸಾರಿನ ಪುಡಿ, ಹುಳಿಪುಡಿ, ಒಣ ಮಸಾಲೆ. ತಳ ಇಂಡಕ್ಷನ್ನಿಗೆ ಹೊಂದುವ ಸಣ್ಣ ಕುಕ್ಕರ್. ಬರೀ ಅಲ್ಯುಮಿನಿಯಂ ಆದರೆ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗದು. ಇಲ್ಲಿಯ ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಅದಕ್ಕೆ ಒಂದೇ ಅಡಾಪ್ಟರ್. ವೋಲ್ಟೇಜ್ ಎರಡೂ ಕಡೆ ಒಂದೇ. ವೈದ್ಯರ ಚೀಟಿಯೊಂದಿಗೆ ಔಷಧಿ. ಎಲ್ಲ ದಾಖಲೆಗಳ ಎರಡೆರಡು ಜೆರಾಕ್ಸ್, 35×45 ಮಿಲಿಮೀಟರಿನ ಫೋಟೊ.

ಬೇಡ: ತುಪ್ಪದ ಡಬ್ಬಿ, ಪೇಡ, ಖೋವಾ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ಒಯ್ಯುವುದು ನಿಷಿದ್ಧ. ಮೈಸೂರು ಪಾಕನ್ನು ಸಯ್ಯಾಜಿರಾವ್ ರಸ್ತೆಯಲ್ಲೇ ನಿಂತು ತಿಂದು ಹೊರಡುವುದು ಕ್ಷೇಮ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿಗೆ ಮಾತ್ರ ಆ ನಿಯಮದಿಂದ ವಿನಾಯಿತಿ. ನಂಜನಗೂಡು ರಸಬಾಳೆ ಜರ್ಮನಿಗೆ ಹೋಗಬಹುದು, ಮೈಸೂರು ಚಿಗುರೆಲೆ ಹೋಗಲಾರದು.

ಚಳಿಯ ದಪ್ಪ ಕೋಟನ್ನು ಇಲ್ಲಿ ಕೊಳ್ಳಬೇಡಿ. ಅಲ್ಲಿಯ ಚಳಿಗೆ ಹೊಲಿದದ್ದು ಅಲ್ಲೇ ಸಿಗುತ್ತದೆ, ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಾದರೆ ಇನ್ನೂ ಅಗ್ಗ.

ಮನೆಯವರಿಗೊಂದು ಮಾತು

ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ನೀವು ಬೆಳಗ್ಗೆ ಆರಕ್ಕೆ ಕಾಫಿ ಕುಡಿಯುತ್ತಾ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ. ರಾತ್ರಿ ಊಟದ ಹೊತ್ತು ಒಳ್ಳೆಯದು. ಮಗಳು ಒಂದು ದಿನ ಫೋನ್ ಎತ್ತಲಿಲ್ಲವೆಂದು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದರೆ ಅವರು ಏನನ್ನೂ ಹೇಳುವುದಿಲ್ಲ. 18 ತುಂಬಿದ ವಿದ್ಯಾರ್ಥಿಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ತಂದೆತಾಯಿಗೂ ಕೊಡಬಾರದು ಎಂಬುದು ಅಲ್ಲಿಯ ನಿಯಮ. ಒರಟುತನವೆಂದುಕೊಳ್ಳಬೇಡಿ.

ಹಿಂದಿರುಗುವ ತಿಂಗಳಲ್ಲಿ ಮತ್ತೆ ಕಾಗದದ ಕೆಲಸ: ಕೋಣೆ ಬಿಡುವ ನೋಟಿಸನ್ನು ಬರಹದಲ್ಲಿ ಕೊಡಬೇಕು, ವಿಮೆಯನ್ನೂ ಬ್ಯಾಂಕ್ ಖಾತೆಯನ್ನೂ ಮುಚ್ಚಬೇಕು, ಅಂಕಪಟ್ಟಿ ಯಾವಾಗ ಯಾರಿಗೆ ಕಳಿಸುತ್ತಾರೆ ಎಂದು ಕೇಳಿಕೊಳ್ಳಬೇಕು. ಕೊನೆಗೆ ಅದೇ ಬ್ಯುರ್ಗರ್‌ಆಮ್ಟಿಗೆ ಹೋಗಿ “ನಾನು ಊರು ಬಿಡುತ್ತಿದ್ದೇನೆ” ಎಂದು ಆಬ್‌ಮೆಲ್ಡುಂಗ್ ಮಾಡಿಸಬೇಕು. ಬಂದವರನ್ನೂ ಹೋದವರನ್ನೂ ತಿಳಿಸಬೇಕೆಂದು ಕೌಟಿಲ್ಯ ಹೇಳಿದ ಎರಡೂ ಕೆಲಸ ಆಗ ಪೂರ್ತಿಯಾಗುತ್ತದೆ.

ಬಂದದ್ದನ್ನೂ ಹೋದದ್ದನ್ನೂ ತಿಳಿಸುವ ಪದ್ಧತಿ ನಮ್ಮ ಮೊಹಲ್ಲಾದಲ್ಲಿ ಇಲ್ಲವೆಂದಲ್ಲ. ಸಬರ್ಬ್ ಬಸ್‌ಸ್ಟ್ಯಾಂಡಿನಲ್ಲಿ ವಿಮಾನ ನಿಲ್ದಾಣದ ಬಸ್ಸು ಹೊರಡುವಾಗ ಕಿಟಕಿಯ ಕೆಳಗೆ ನಿಂತ ತಾಯಿ, ಸಾರಿನ ಪುಡಿ ಮೇಲಿನ ಬ್ಯಾಗಿನಲ್ಲಿದೆ ಎಂದು ನಾಲ್ಕನೆಯ ಸಲ ಹೇಳಿ ಮುಗಿಸಿ, ಬಸ್ಸು ಅಲುಗಿದ ಮೇಲೆ ಕೂಗಿ ಹೇಳುವುದು ಅದೇ ಮಾತನ್ನು: “ತಲುಪಿದ ತಕ್ಷಣ ಫೋನ್ ಮಾಡು.” ಅದಕ್ಕೆ ಎರಡು ವಾರದ ಗಡುವಿಲ್ಲ, ಟೆರ್ಮೀನೂ ಬೇಡ.